ಹಾಲಿಗೇ ಯಾಕ್ರಿ ವಿಷಾ?

ಬೂದಿ ಹಚ್ಚಿ, ತೆಂಗಿನ ನಾರು ಹಿಡಿದು, ಯಮನವ್ವ ಕಡಾಯಿಯ ತಳವನ್ನು ತಿಕ್ಕುತ್ತಲೇ ಇದ್ದಾಳೆ. ಸೀದ ಹಾಲು ಕರ್ರಗೆ ಹತ್ತಿಕೊಂಡದ್ದು ಬಿಡಲೊಲ್ಲದು. ಇಳಕಲ್ಲಿನ ಓಣಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಒಳಗೆ ಗಂಡ ಹುಚ್ಚೇಶ ಆಗಲೇ ಕುಣಿಮಗ್ಗಕ್ಕೆ ಇಳಿದಿದ್ದಾನೆ, ಲಾಳಿಯ ಸಪ್ಪಳ ಕೇಳುತ್ತಿದೆ. ಹಿತ್ತಿಲಲ್ಲಿ ಎರಡು ಎಮ್ಮೆಗಳು ಹಿಂಡುವ ಹೊತ್ತಾಯಿತೆಂದು ಕೂಗುತ್ತಿವೆ.

"ಹಾಲು ಖರ್ಚಾದ್ರ ಕಡಾಯಿ ತಿಕ್ಕೂದು ಎಷ್ಟೊತ್ತಿನ ಕೆಲಸರಿ? ಎರಡು ಸಲ ಕೈಯಾಡಿಸಿದ್ರ ಮುಗೀತು," ಎನ್ನುತ್ತಾಳೆ ತಲೆ ಎತ್ತದೆ. "ನಿನ್ನೆ ಅರ್ಧಾ ಕಡಾಯಿ ಉಳೀತು. ಸಿನೆಮಾ ಪಡದೆ ಮ್ಯಾಲೆ ರಾಣಿಗೆ ಹಾಲಿನಾಗ ವಿಷಾ ಹಾಕಿ ಕುಡಿಸಿದ್ರು. ಆಕಿ ಧಪ್ ಅಂತ ಬಿದ್ದದ್ದು ನೋಡಿ ಹೊರಗ ಬಂದ ಮಂದಿ ನನ್ನ ಹಾಲು ಕುಡೀತಾರೇನು? ವಾರದಿಂದ ದಿನಾ ಸಾಯಾಕ ಹತ್ಯಾಳ ಆ ರಾಣಿ. ಆಕಿದೇನು, ಮರುದಿನ ಎದ್ದು ಮತ್ತ ಬರ್ತಾಳ. ಹಾಳಾಗೂದು ನನ್ನ ಹಾಲು."

ಊರ ಹೊರಗಿನ ಬಯಲಿಗೆ ದೀಪಾವಳಿ ಕಳೆದ ಮೇಲೆ ಟೆಂಟ್ ಸಿನೆಮಾ ಬರುತ್ತದೆ, ಮುಂಗಾರಿನ ಮೊದಲ ಮಳೆಗೆ ಗೂಟ ಕಿತ್ತುಕೊಂಡು ಹೋಗುತ್ತದೆ. ಅಷ್ಟು ತಿಂಗಳೂ ಅದರ ಬಾಗಿಲ ಪಕ್ಕದ ಒಲೆ ಯಮನವ್ವನದು. ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಬಿಸಿ ಹಾಲನ್ನು ಮಧ್ಯಂತರದಲ್ಲಿ ಮಾರುತ್ತಾಳೆ. ಕಮತಗಿಯಿಂದ ಸೊಸೆಯಾಗಿ ಬಂದಾಗ ಆಕೆಗೆ ಗೊತ್ತಿದ್ದದ್ದು ನೂಲಿನ ಕೆಲಸವೊಂದೇ. ಮಳೆಗಾಲದಲ್ಲಿ ಕುಣಿಯಲ್ಲಿ ನೀರು ಒಸರಿ ಮಗ್ಗ ನಿಂತರೆ ಮನೆ ನಡೆಯಬೇಕಲ್ಲ ಎಂದು ಒಂದು ಎಮ್ಮೆ ಕಟ್ಟಿದಳು. ಅದರ ಮಗಳೇ ಈಗಿನ ಕೋಡುಮುರುಕಿ. ಮುಂಜಾನೆ ಹಿಂಡುವುದು, ಮಧ್ಯಾಹ್ನ ಜಾಲಿ ಕಟ್ಟಿಗೆ ಆರಿಸಿ ತರುವುದು, ಇಳಿಹೊತ್ತಿಗೆ ಹಾಲಿನ ಕೊಡ ಹೊತ್ತು ಬಯಲಿಗೆ ನಡೆಯುವುದು. ಹೊಗೆಗೆ ಆಕೆಯ ಕಣ್ಣು ಸದಾ ಕೆಂಪು. ಕಂಡವರು "ಸಿನೆಮಾ ನೋಡಿ ಅತ್ತೀಯೇನು?" ಎನ್ನುತ್ತಾರೆ.

ಆಕೆ ಒಂದು ಚಿತ್ರವನ್ನೂ ಪೂರ್ತಿ ನೋಡಿಲ್ಲ. ಡೇರೆಯ ಬಟ್ಟೆಯಾಚೆಯಿಂದ ಕೇಳಿದ್ದಷ್ಟೇ. "ವಿಷಾ ಹಾಕೂ ಮೊದಲು ಒಂದು ತರಾ ವಾದ್ಯಾ ಬಾರಸ್ತಾರ್ರಿ. ಅದು ಕೇಳಿಸಿದ ಕೂಡ್ಲೆ ನಾ ಒಲಿ ಸಣ್ಣ ಮಾಡ್ತೇನಿ. ಇನ್ನ್ಯಾರು ಬರ್ತಾರ?"

ಬೇರೆಯದನ್ನು ಮಾರಿ ನೋಡಿಲ್ಲವೆಂದಲ್ಲ. ಚಹಾ ಇಟ್ಟಳು. ಮರುವಾರವೇ ಕೋಟು ತೊಟ್ಟ ಖಳನೊಬ್ಬ ಚಹಾದಲ್ಲಿ ಬಿಳಿ ಪುಡಿ ಕದಡಿದ. ಶೇಂಗಾ ಉಂಡೆ ಕಟ್ಟಿದಳು. ಮಾಂತ್ರಿಕನೊಬ್ಬ ಉಂಡೆ ತಿನ್ನಿಸಿ ರಾಜಕುಮಾರನನ್ನು ಟಗರು ಮಾಡಿಬಿಟ್ಟ. ಬಾಳೆಹಣ್ಣು ತಂದ ವಾರ ಋಷಿಯ ಶಾಪದ ಹಣ್ಣು ತಿಂದು ಒಂದು ಊರಿಗೆ ಊರೇ ಕಲ್ಲಾಯಿತು. ಉಳಿದ ಗೊನೆಯನ್ನು ಎಮ್ಮೆಗಳಿಗೆ ಹಾಕಿದಳು. "ಅವಕ್ಕೇನೂ ಆಗಲಿಲ್ಲ. ಅವು ಸಿನೆಮಾ ನೋಡೂದಿಲ್ಲಲ್ರಿ," ಎನ್ನುತ್ತಾಳೆ. ಗಿರಾಕಿಯ ಕಣ್ಣೆದುರು ತಾನೇ ಮೊದಲು ಒಂದು ಗುಟುಕು ಕುಡಿದು ತೋರಿಸಿದ್ದೂ ಉಂಟು. "ವಿಷಾ ಇಳಿಯೂ ಮದ್ದು ಮೊದಲ ತಿಂದು ಬಂದಿರ್ತಾಳ" ಎಂದು ಹಿಂದಿನಿಂದ ಯಾರೋ ಅಂದರು. ಅದೂ ಒಂದು ಚಿತ್ರದಲ್ಲಿ ಬಂದದ್ದೇ.

ಬಾಗಿಲ ಇನ್ನೊಂದು ಬದಿಗೆ ಗೋಲಿ ಸೋಡಾದ ಮುತ್ತಪ್ಪನಿದ್ದಾನೆ. ಅವನಿಗೆ ಈ ಚಿಂತೆಯಿಲ್ಲ. "ನನ್ನ ಬಾಟ್ಲಿ ಬಾಯಾಗ ಗೋಲಿ ಕುಂತೈತಿ. ಯಾವ ಖಳನಾಯಕನ ಅಪ್ಪಗೂ ವಿಷಾ ಹಾಕಾಕ ಆಗೂದಿಲ್ಲ," ಎಂದು ಕೂಗಿ ಮಾರುತ್ತಾನೆ. "ನಿನ್ನ ಹೆಸರ ಯಮನವ್ವ, ಕೈಯಾಗ ಹಾಲು. ಮಂದಿಗೆ ಬ್ಯಾರೆ ಹೇಳಬೇಕೇನ ಬೇ?"

"ನಿನ್ನ ಸೋಡಾ ಕುಡದು ತೇಗಿದ್ದ ಬಿಟ್ರ ಯಾರರ ಮೈಗೆ ಹತ್ತೇತೇನಲೇ?" ಎಂದು ಆಕೆ ತಿರುಗಿ ಕೊಡುತ್ತಾಳೆ. ಆದರೆ ಮಾತಿನಲ್ಲಿ ಗೆದ್ದರೆ ಹಾಲು ಖರ್ಚಾಗುವುದಿಲ್ಲ. ಟೆಂಟಿನ ಮ್ಯಾನೇಜರ್ ಕೃಷ್ಣಾಜಿ ಮೊನ್ನೆ ಕಡ್ಡಿ ಮುರಿದಂತೆ ಹೇಳಿದ್ದಾರೆ: ಅಮಾವಾಸ್ಯೆಯೊಳಗೆ ಒಂದು ಆಟಕ್ಕಾದರೂ ಕಡಾಯಿ ಬರಿದಾಗದಿದ್ದರೆ ಆ ಜಾಗವೂ ಮುತ್ತಪ್ಪನಿಗೆ. ನಾಳೆಯೇ ಅಮಾವಾಸ್ಯೆ. ಜಾಗ ಹೋದರೆ ಎರಡು ಎಮ್ಮೆಗೆ ಹಿಂಡಿ ಹಾಕಲಾಗುವುದಿಲ್ಲ, ಕೋಡುಮುರುಕಿಯನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋಗಬೇಕು. ಆ ಮಾತು ಬಂದಾಗ ಮಾತ್ರ ಯಮನವ್ವನ ಕೈ ಕಡಾಯಿಯ ಮೇಲೆ ನಿಲ್ಲುತ್ತದೆ.

ಸುಮ್ಮನೆ ಕೂತವಳಲ್ಲ ಆಕೆ. ಸಿನೆಮಾ ಕಂಪನಿಗೇ ಪತ್ರ ಬರೆಸುತ್ತಿದ್ದಾಳೆ. ಹೋದ ವರ್ಷದ ಸಂಕ್ರಾಂತಿಗೆ ಶುರುವಾದ ಪತ್ರ ಇನ್ನೂ ಟಪಾಲಿಗೆ ಬಿದ್ದಿಲ್ಲ. ಬರೆದುಕೊಡುವವರು ಪಕ್ಕದ ಓಣಿಯ ಇಂದ್ರಾಬಾಯಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು. 'ದಯಮಾಡಿ ಹಾಲಿಗೆ ವಿಷ ಹಾಕಬೇಡಿರಿ' ಎಂದು ಮೊದಲ ಸಲ ಬರೆದಾಯಿತು. ಲಕೋಟೆ ಅಂಟಿಸುವ ಮೊದಲೇ ಚಹಾದ ಚಿತ್ರ ಬಂತು. ಚಹಾ ಸೇರಿಸಿದರು. ಉಂಡೆ ಬಂತು, ಹಣ್ಣು ಬಂತು. ಹೊಡೆದು ಬರೆದು, ಹೊಡೆದು ಬರೆದು ಕಾಗದ ತೂತು ಬಿದ್ದಿದೆ.

"ಯಮನವ್ವಾ, ನಾ ಟೆಂಟಿನ ಮುಖಾ ನೋಡಿದಾಕಿ ಅಲ್ಲ," ಎನ್ನುತ್ತಾರೆ ಇಂದ್ರಾಬಾಯಿ. "ಆದ್ರ ಯಾವ ಚಿತ್ರದಾಗ ಯಾರು ಏನು ಕುಡದು ಸತ್ರು ಅಂತ ನನಗ ಬಾಯಿಪಾಠ ಆಗ್ಯದ. ಬರದು ಬರದು ಟಾಕಿನ ಮುಳ್ಳು ಸವದು ಹೋಗ್ಯದ. ಒಮ್ಮೆ ಹಾಕಿ ಬಿಡಬಾರದೇನ?"

"ಹ್ಯಾಂಗ ಹಾಕ್ಲಿರಿ ಬಾಯಾರ? ಅವರ ವಿಷಾ ನಿಲ್ಲೂದಿಲ್ಲ, ನನ್ನ ಪತ್ರಾ ಮುಗಿಯೂದಿಲ್ಲ."

ಇವತ್ತು ಸಂಜೆ ಒಲೆ ಹೂಡುವ ಮುಂಚೆ ಆಕೆ ಯಂತ್ರ ನಡೆಸುವ ಅಬ್ದುಲಸಾಬನ ಹತ್ತಿರ ಹೋಗುತ್ತಾಳೆ. ಟೆಂಟಿನಲ್ಲಿ ಇರುವುದು ಒಂದೇ ಯಂತ್ರ. ಒಂದು ರೀಲು ಮುಗಿದು ಇನ್ನೊಂದು ಏರಿಸುವಾಗಲೆಲ್ಲ ಚಿತ್ರ ನಿಲ್ಲುತ್ತದೆ. ದೊಡ್ಡ ಬಿಡುವು ಯಾವ ರೀಲಿನ ಮೇಲೆ ಎಂಬುದು ಅವನ ಕೈಯಲ್ಲೇ ಇದೆ.

"ಅಣ್ಣಾ, ರಾಣಿ ಎಷ್ಟನೇ ರೀಲಿನಾಗ ಸಾಯ್ತಾಳ?"

"ಆರರಾಗ ಬೇ. ಅದು ಮುಗಿದ ಕೂಡ್ಲೆ ಬಿಡುವು."

"ಐದಕ್ಕ ಬಿಡ್ರಲಾ. ಹಾಲು ಕುಡದ ಮ್ಯಾಲೆ ಬೇಕಾದ್ರ ಸಾಯ್ಲಿ ಆಕಿ."

ಅಬ್ದುಲಸಾಬ ನಗುತ್ತಾನೆ. ಪಕ್ಕದಲ್ಲೇ ನಿಂತಿದ್ದ ಕೃಷ್ಣಾಜಿ ನಗುವುದಿಲ್ಲ. "ರಾಣಿ ಬದುಕ್ತಾಳೋ ಇಲ್ಲೋ ಅನ್ನೋ ಕಾಳಜಿಗೇ ಮಂದಿ ತಿರುಗಿ ಒಳಗ ಬರೋದು. ನಿನ್ನ ಹಾಲಿನ ಸಲವಾಗಿ ನಾ ಚಿತ್ರಾ ಕಡೀಲೇನು?"

"ನಿಮ್ಮ ಕಡೆ ತಿರುಗಿ ಬರ್ತಾರ್ರಿ, ನನ್ನ ಕಡೆ ಬರೂದಿಲ್ಲ," ಎಂದು ಯಮನವ್ವ ಬಂದು ಒಲೆಗೆ ಬೆಂಕಿ ಹಚ್ಚುತ್ತಾಳೆ.

ಆ ವಾದ್ಯ ಕೇಳಿಸುತ್ತದೆ. ರಾಣಿ ಬೀಳುತ್ತಾಳೆ. ದೀಪ ಹತ್ತಿ ಮಂದಿ ಹೊರಗೆ ಬರುತ್ತಾರೆ. ಕಡಾಯಿಯ ಕಡೆಗೊಮ್ಮೆ ನೋಡಿ ಮುತ್ತಪ್ಪನ ಮುಂದೆ ನಿಲ್ಲುತ್ತಾರೆ. ಯಮನವ್ವನ ಬಳಿ ಬರುವುದು ಖೈರುನಬಿ ಒಬ್ಬಳೇ. ನೇಕಾರರ ಮನೆಗಳಿಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುವ ಈ ಮುದುಕಿ ಯಾವ ಚಿತ್ರದಲ್ಲೂ ವಿಷದ ಸೀನು ನೋಡಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತಾಳೆ. "ಮನ್ಯಾಗ ಮೊಮ್ಮಕ್ಕಳ ಗದ್ದಲವ್ವಾ. ಇಲ್ಲಿ ಕತ್ಲಿರತೈತಿ, ಮಂದಿ ಸುಮ್ಮ ಕುಂತಿರ್ತಾರ," ಎನ್ನುವುದು ಆಕೆಯ ವಾದ.

ಇವತ್ತು ಖೈರುನಬಿ ಎರಡು ಮನೆಯ ನೂಲು ಮುಗಿಸಿ ಬಂದಿದ್ದಾಳೆ. ಹಾಲು ಕುಡಿದವಳು ಒಲೆಯ ಬೆಚ್ಚಗೆ ಡೇರೆಯ ಕಂಬಕ್ಕೆ ಒರಗುತ್ತಾಳೆ, ಒರಗಿದವಳು ಮೆಲ್ಲಗೆ ಪಕ್ಕಕ್ಕೆ ವಾಲಿ ನೆಲಕ್ಕೆ ಒರಗಿಬಿಡುತ್ತಾಳೆ. ಕೈಯಿಂದ ಗ್ಲಾಸು ಉರುಳುತ್ತದೆ. ತುಟಿಯ ಮೇಲೆ ಬಿಳಿ ನೊರೆ. ಪಡದೆಯ ಮೇಲೆ ರಾಣಿ ಬಿದ್ದದ್ದೂ ಹೀಗೆಯೇ.

"ಸತ್ತಳೋ!" ಎಂದು ಮುತ್ತಪ್ಪ ಚೀರುತ್ತಾನೆ.

ಹೆಂಗಸರು ಬೊಬ್ಬೆಯಿಡುತ್ತಾರೆ. ಜನ ಸುತ್ತಗಟ್ಟುತ್ತಾರೆ. ಯಮನವ್ವನ ಕೈಯ ಸೌಟು ಕಡಾಯಿಗೆ ಬೀಳುತ್ತದೆ. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆ. ನಾನೇ ಕಾಸಿದ್ದಲ್ಲವೇ, ನನ್ನ ಎಮ್ಮೆಯದೇ ಅಲ್ಲವೇ ಎಂದು ಒಂದು ಗಳಿಗೆ ಆಕೆಗೇ ಕಡಾಯಿಯೊಳಗೆ ಬಗ್ಗಿ ನೋಡುವಂತಾಗುತ್ತದೆ. ಆಮೇಲೆ ಓಡಿ ಹೋಗಿ ಮುದುಕಿಯ ಎರಡೂ ಭುಜ ಹಿಡಿದು ಅಲುಗಿಸುತ್ತಾಳೆ. "ಖೈರುನಬೀ! ಏ ಬೇ! ಏಳ!"

ಖೈರುನಬಿ ಒಂದು ಕಣ್ಣು ತೆರೆಯುತ್ತಾಳೆ. "ಯಾಕ ಬೇ, ಗಂಟಿ ಹೊಡದ್ರೇನು?"

"ನೀ ಸತ್ತಿದ್ದಿ," ಎನ್ನುತ್ತಾನೆ ಗುಂಪಿನಲ್ಲಿ ಒಬ್ಬ.

"ಯಾವಾಗ?" ಮುದುಕಿ ಎದ್ದು ಕೂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾಳೆ. "ಸತ್ತಿದ್ದರ ಇರ್ಲಿ, ಇನ್ನೊಂದು ಗ್ಲಾಸ ಕೊಡು. ಮೊದಲಿಂದ್ರಾಗ ಬೆಲ್ಲ ಕಡಿಮಿ ಆಗಿತ್ತು."

ಬಯಲು ನಗೆಯಿಂದ ಬಿರಿಯುತ್ತದೆ. ನಕ್ಕವರಲ್ಲಿ ಒಬ್ಬ ಕೈ ಚಾಚುತ್ತಾನೆ, ಅವನ ಹಿಂದೆ ಇನ್ನೊಬ್ಬ. "ನನಗೂ ಒಂದು ಸಾಯೂ ಹಾಲು ಕೊಡ ಬೇ" ಎಂಬ ಚೇಷ್ಟೆಗೆ ಸಾಲು ಬೆಳೆಯುತ್ತದೆ. ಅಬ್ದುಲಸಾಬ ಏಳನೆಯ ರೀಲು ಕೈಯಲ್ಲಿ ಹಿಡಿದೇ ಕಾಯುತ್ತಾನೆ. "ಇದು ಸಿನೆಮಾನೋ ಹಾಲಿನ ಅಂಗಡಿಯೋ?" ಎಂದು ಸಿಡುಕುತ್ತ ಬಂದ ಕೃಷ್ಣಾಜಿಯ ಕೈಗೂ ಯಾರೋ ಗ್ಲಾಸು ಕೊಡುತ್ತಾರೆ. ಅವರು ಕಡಾಯಿಯೊಳಗೆ ನೋಡುತ್ತಾರೆ. ತಳ ಕಾಣುತ್ತಿದೆ. "ಇರು, ಇಲ್ಲೇ ಇರು," ಎನ್ನುತ್ತಾರೆ, ಸೋತವರಂತೆ.

ಮರುದಿನ ಮುಂಜಾನೆ ಕಡಾಯಿಗೆ ಎರಡು ಸಲ ಕೈಯಾಡಿಸಿದ್ದೇ ಸಾಕಾಗುತ್ತದೆ. ಯಮನವ್ವ ನೇರ ಇಂದ್ರಾಬಾಯಿಯ ಕಟ್ಟೆಗೆ ಬರುತ್ತಾಳೆ. "ಆ ಹಳೇ ಕಾಗದಾ ಹರದು ಒಗೀರಿ ಬಾಯಾರ. ಹೊಸಾದು ನಾ ಹೇಳಿದ್ಹಂಗ ಬರೀರಿ, ಗ್ರಂಥದ ಮಾತು ಬ್ಯಾಡ."

ಹೊಸ ಪತ್ರ ಇಷ್ಟೇ: "ಸಿನೆಮಾ ಕಂಪನಿಯವರಿಗೆ ಇಳಕಲ್ಲಿನ ಹಾಲಿನ ಯಮನವ್ವನ ನಮಸ್ಕಾರ. ನೀವು ಯಾತಕ್ಕರ ವಿಷಾ ಹಾಕ್ರಿ, ಅದು ನಿಮ್ಮ ದಂಧೆ. ಆದ್ರ ಅದ ಚಿತ್ರದಾಗ ಎಲ್ಲ್ಯರ ಒಂದು ಕಡೆ ಒಬ್ಬಾಕಿ ಮುದುಕಿ ಒಂದು ಗ್ಲಾಸ ಹಾಲು ಕುಡದು, ಮಲಗಿ, ಎದ್ದು, ಇನ್ನೊಂದು ಗ್ಲಾಸ ಕೇಳಲಿ. ಅಷ್ಟ."

ಅಬ್ದುಲಸಾಬ ರೀಲಿನ ಪೆಟ್ಟಿಗೆಯ ಮೇಲಿಂದ ಬರೆದುಕೊಟ್ಟ ಮದ್ರಾಸಿನ ವಿಳಾಸವನ್ನು ಇಂದ್ರಾಬಾಯಿ ಲಕೋಟೆಯ ಮೇಲೆ ಇಳಿಸುತ್ತಾರೆ. "ಮುಂದಿನ ಚಿತ್ರಾ ಬರೋತನಾ ಮತ್ತ ಇಟ್ಕೋತೀಯೇನು?"

"ಯಾಕ್ರಿ ಇಟ್ಕೊಳ್ಳಲಿ? ಇನ್ನ ಅವರು ಹುಗ್ಗಿಗೆ ಹಾಕ್ಲಿ, ನೀರಿಗೆ ಹಾಕ್ಲಿ. ಇದನ್ನ ತಿದ್ದೂದು ಬ್ಯಾಡ."

ಲಕೋಟೆಯ ಮೂಲೆಯಲ್ಲಿ ಬೂದಿ ಬೆರಳಿನ ಗುರುತು ಮೂಡಿದೆ. ಟಪಾಲು ಡಬ್ಬಿಯ ಬಾಯೊಳಗೆ ಮಣಿಕಟ್ಟಿನ ತನಕ ಕೈ ಇಳಿಸಿ ಯಮನವ್ವ ಬೆರಳು ಸಡಿಲಿಸುತ್ತಾಳೆ, ಕಾಗದ ತಳಕ್ಕೆ ಬಿದ್ದ ಸಪ್ಪಳಕ್ಕೆ ಕಿವಿಗೊಡುತ್ತಾಳೆ.

"ಮುದುಕಿ ಹೆಸರ ಖೈರುನಬಿ ಅಂತ ಬರಸಬೇಕಾಗಿತ್ತು," ಎನ್ನುತ್ತಾಳೆ ಮನೆಯ ಕಡೆ ತಿರುಗುತ್ತ. ಎಮ್ಮೆ ಹಿಂಡುವ ಹೊತ್ತು ಮೀರುತ್ತಿದೆ. "ಇರ್ಲಿ, ಹೆಸರ ಅವರ ಇಟ್ಕೊಳ್ಳಲಿ. ಬೆಲ್ಲ ಮಾತ್ರ ಕಡಿಮಿ ಮಾಡದಿದ್ರ ಸಾಕು."