ಪೈಲವಾನನಿಗೆ ಎಷ್ಟು ದೊಡ್ಡ ಶಾಲೆ ಬೇಕು?

ತೂಕದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಏಕೆಂದರೆ ನಮ್ಮ ರೋಣದ ಪೇಟೆಯ ಜನ ಇನ್ನೊಬ್ಬರ ಬಗ್ಗೆ ಒಳ್ಳೆಯದನ್ನು ಬಾಯಿಬಿಟ್ಟು ಹೇಳುವವರಲ್ಲ. ಹತ್ತಿಯ ಮೂಟೆಯನ್ನು ಹತ್ತು ಹೆಜ್ಜೆ ದೂರದಿಂದ ನೋಡಿ ನಾನು ಇಷ್ಟು ಎಂದರೆ ಇಷ್ಟೇ. ಆಮೇಲೆ ತಕ್ಕಡಿಗೆ ಹಾಕುವುದು ಬರೀ ಶಾಸ್ತ್ರಕ್ಕೆ. ಎತ್ತುವ ವಿಷಯ ಬೇರೆ. ನಾನು ಈ ಜನ್ಮದಲ್ಲಿ ಎತ್ತಿದ ಅತಿ ದೊಡ್ಡ ಭಾರವೆಂದರೆ ಊಟ ಮುಗಿಸಿ ಮಣೆಯಿಂದ ಏಳುವಾಗ ಎತ್ತುವ ನನ್ನದೇ ದೇಹ. ಅದಕ್ಕೂ ಈಚೆಗೆ ಗೋಡೆಯ ಸಹಾಯ ಬೇಕಾಗುತ್ತಿದೆ.

ಹೀಗೆ ತೂಗಬಲ್ಲೆ, ಎತ್ತಲಾರೆ ಎಂಬಂಥ ನನ್ನ ಬಳಿಗೆ, ಒಂದು ಸುಗ್ಗಿ ಮುಗಿದ ಮೇಲೆ, ರಾಜೂರಿನಿಂದ ತಂಗಿ ಗಂಗವ್ವ ಗಾಡಿ ಕಟ್ಟಿಸಿಕೊಂಡು ಬಂದಳು. ಜೊತೆಗೆ ಗಂಡ ಮಲ್ಲಪ್ಪ, ಮಗ ಚನ್ನಬಸು. ಚನ್ನಬಸುವಿಗೆ ಆಗ ಹದಿನೇಳು. ಗಜೇಂದ್ರಗಡದ ಗರಡಿಯಲ್ಲಿ ಆರು ವರ್ಷ ಸಾಮು ಮಾಡಿದ ಮೈ. ನಮ್ಮ ಮನೆಯ ಬಾಗಿಲಲ್ಲಿ ಒಂದಿಷ್ಟು ಅಡ್ಡ ತಿರುಗಿಯೇ ಒಳಗೆ ಬಂದ. ಅದೇ ಬಾಗಿಲಲ್ಲಿ ನಾನೂ ಅಡ್ಡ ತಿರುಗಿಯೇ ಬರುತ್ತೇನೆ, ಆದರೆ ಕಾರಣ ಬೇರೆ.

ಮಲ್ಲಪ್ಪನ ಕಷ್ಟ ಇಷ್ಟು. ಕುಂಪಣಿ ಸರಕಾರದವರು ಹೊಲಗಳನ್ನು ಅಳೆದು ಮೋಜಣಿ ಮಾಡಿ ಕೊಟ್ಟ ಕಾಗದ ಅವನ ಪೆಟ್ಟಿಗೆಯಲ್ಲಿತ್ತು, ಓದಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಯಾರ ಕೈಲಿ ಓದಿಸಿದರೂ ಗಡಿಯ ಬಾಂದು ಕಲ್ಲು ಓದಿದವರ ಹೊಲದ ಕಡೆಯಿಂದ ಒಂದಿಷ್ಟು ಸರಿದು ಇವನ ಹೊಲದೊಳಗೇ ಬರುತ್ತಿತ್ತಂತೆ. ಹಾಗಾಗಿ ಮಗನನ್ನು ಓದಿಸುವುದೆಂದು ಅವನು ನಿಶ್ಚಯಿಸಿದ್ದ.

“ಭಾವಾರ, ಒಂದ ವರ್ಷ ನೋಡತೀನ್ರಿ,” ಎಂದ. “ಸಾಲೀನೂ ಗರಡೀನೂ ಕೂಡಿ ನಡದ್ರ ನಡೀಲಿ. ಒಂದಕ್ಕೊಂದು ಅಡ್ಡ ಬಂತಂದ್ರ ಗರಡಿ ಬಿಡಿಸೇಬಿಡಾಂವ. ಕುಸ್ತಿ ಬಂದು ಹೊಲದ ಕಾಗದಾ ಓದತೈತೇನ್ರಿ?”

ಚನ್ನಬಸು ತಲೆ ಎತ್ತಲಿಲ್ಲ. ಅಪ್ಪ ಕೈತೊಳೆಯಲು ಹಿತ್ತಲಿಗೆ ಹೋದಾಗ ಮಾತ್ರ ನನ್ನ ಹತ್ತಿರ ಸರಿದು, “ಮಾಂವಾ, ಗರಡಿ ಬಿಟ್ರ ನಾ ಯಾಂವಂತ ನನಗs ತಿಳಿಯಂಗಿಲ್ಲ,” ಎಂದ. ಅಷ್ಟು ದೊಡ್ಡ ಎದೆಯಿಂದ ಬಂದದ್ದು ಅಷ್ಟು ಸಣ್ಣ ದನಿ. ಗಂಗವ್ವ, “ಯಣ್ಣಾ, ಯಾವ ಸಾಲಿ ಚಲೋ ಅಂತ ನೀನs ತೂಗಿ ಹೇಳಪಾ,” ಎಂದಳು. ತೂಗುವ ಮಾತು ಬಂದ ಮೇಲೆ ನಾನು ಹಿಂದೆ ಸರಿಯುವುದುಂಟೆ?

ತೂಗಬೇಕಾದ ಶಾಲೆಗಳು ಎರಡು. ಒಂದು ನರಗುಂದದಲ್ಲಿ, ಗುಡ್ಡದ ಬುಡದಲ್ಲಿದ್ದ ದೊಡ್ಡ ಶಾಲೆ. ನಲವತ್ತು ಹುಡುಗರು, ಮೂವರು ಗುರುಗಳು. ಅಲ್ಲಿ ಕಲಿತವರು ಕಾರಕೂನರಾಗಿ ರುಮಾಲು ಸುತ್ತಿಕೊಂಡು ಓಡಾಡುತ್ತಿದ್ದರು. ಇನ್ನೊಂದು ನಮ್ಮ ರೋಣದಲ್ಲೇ, ಮಠದ ಪಡಸಾಲೆಯಲ್ಲಿ. ಹನ್ನೊಂದೇ ಹುಡುಗರು, ಒಬ್ಬರೇ ಅಯ್ಯನವರು. ಈ ಅಯ್ಯನವರು ಅಕ್ಷರ, ಮಗ್ಗಿ ಕಲಿಸಿ ಸುಮ್ಮನಾಗುವವರಲ್ಲ. ಕಾವ್ಯ ಓದಿಸುವರು, ವ್ಯಾಕರಣ ಹೇಳುವರು, ಸಂಜೆ ನಕ್ಷತ್ರ ತೋರಿಸುವರು, ಗಿಡಮೂಲಿಕೆ ಮೂಸಿಸುವರು, ಮನಸ್ಸು ಬಂದರೆ ತಂಬೂರಿ ಹಿಡಿದು ಹಾಡಿಸುವರು. ಅಲ್ಲಿಂದ ಬಂದವನಿಗೆ ಎಲ್ಲವೂ ಒಂದಿಷ್ಟು ಗೊತ್ತು, ಆದರೆ ಯಾವ ಕಚೇರಿಗೂ ಅವನು ಬೇಕಿಲ್ಲ ಎಂದು ಪೇಟೆಯವರು ನಗುತ್ತಿದ್ದರು. ಪೈಲವಾನನಿಗೆ ನಕ್ಷತ್ರಗಳ ಹೆಸರು ಯಾಕೆ, ಅಂಗಾತ ಬಿದ್ದಾಗ ಎಣಿಸಲಿಕ್ಕೆಯೆ ಎಂದು ಕೇಳಿದವನೂ ಒಬ್ಬನಿದ್ದ. ಅವನು ನಾನೇ.

ಮೊದಲು ನರಗುಂದಕ್ಕೆ ಹೋಗಿ ಒಂದು ಮುಂಜಾನೆ ಆ ಶಾಲೆಯ ಕಟ್ಟೆಯ ಮೇಲೆ ಕುಳಿತೆ. ನಮ್ಮ ಸೀಮೆಯ ಶಾಲೆಗಳಲ್ಲಿ ಒಂದು ಪದ್ಧತಿಯಿದೆ, ನಿಮ್ಮ ಅಂಗೈಗೂ ನೆನಪಿರಬಹುದು. ಮುಂಜಾನೆ ಎಲ್ಲರಿಗಿಂತ ಮೊದಲು ಬಂದವನ ಎಡ ಅಂಗೈ ಮೇಲೆ ಗುರುಗಳು ಮಸಿಯಿಂದ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಕೊನೆಯವನ ತನಕ ಒಂದೊಂದು ಏರುತ್ತ ಹೋಗುತ್ತದೆ. ನಾನು ಓದುವ ಕಾಲದಲ್ಲಿ ನನ್ನ ಅಂಗೈ ಸರಸ್ವತಿಯನ್ನು ಕಂಡದ್ದು ಒಂದೇ ಸಲ, ಅದೂ ಹಬ್ಬದ ರಜೆ ಎಂದು ತಿಳಿಯದೆ ಹೋದ ದಿನ.

ಆ ಕಟ್ಟೆಯ ಮೇಲೆಯೇ ಶಾಲೆಗಳನ್ನು ತೂಗುವ ನನ್ನ ಕೆಲಸ ಮುಗಿದುಹೋಯಿತು. ಪೈಲವಾನನಿಗೆ ಮುಂಜಾನೆ ಗರಡಿ. ದಂಡ, ಬಸ್ಕಿ ಮುಗಿಸಿ, ಮಣ್ಣು ತೊಳೆದುಕೊಂಡು ಬರುವಷ್ಟರಲ್ಲಿ ಅವನೇ ಕೊನೆಯವನು. ನರಗುಂದದಲ್ಲಿ ಇವನು ಸೇರಿದರೆ ನಲವತ್ತೊಂದು ಹುಡುಗರು, ಕೊನೆಯವನಿಗೆ ಮೂವತ್ತೊಂಬತ್ತು ಏಟು. ರೋಣದಲ್ಲಿ ಹನ್ನೆರಡು ಹುಡುಗರು, ಹತ್ತೇ ಏಟು. ಹತ್ತು ಏಟು ಪೈಲವಾನನಿಗೆ ಸೊಳ್ಳೆ ಕಡಿದ ಹಾಗೆ. ದೊಡ್ಡ ಶಾಲೆ ಒಳ್ಳೆಯದೋ ಸಣ್ಣ ಶಾಲೆ ಒಳ್ಳೆಯದೋ ಎಂದು ತಲೆ ಕೆರೆದುಕೊಳ್ಳುವ ತಂದೆತಾಯಿಗಳಿಗೆಲ್ಲ ನಾನು ಇದೇ ಲೆಕ್ಕ ಹೇಳುತ್ತೇನೆ ಎಂದುಕೊಂಡು, ಬಹಳ ಹೆಮ್ಮೆಯಿಂದ ಊರಿಗೆ ಮರಳಿದೆ.

ಚನ್ನಬಸು ನಮ್ಮ ಮನೆಯಲ್ಲಿ ಉಳಿದು, ಮುಂಜಾನೆ ರೋಣದ ಗರಡಿಗೆ ಹೋಗುತ್ತ, ಮಠದ ಶಾಲೆಗೆ ಸೇರಿದ. ಏಳೆಂಟು ವರ್ಷದ ಮಕ್ಕಳ ನಡುವೆ ಕುಳಿತು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುವುದು ಅವನಿಗೆ ನಾಚಿಕೆಯಾದೀತು ಎಂದುಕೊಂಡಿದ್ದೆ. ಅವನಿಗೆ ಅದು ಸಹಜವೇ ಅನಿಸಿತು. ಗರಡಿಯಲ್ಲೂ ಮೊದಲು ಮಣ್ಣು ಮುಟ್ಟಿ ನಮಸ್ಕಾರ, ಶಾಲೆಯಲ್ಲೂ ಮೊದಲು ಮಣ್ಣಿನದೇ ಸಹವಾಸ. ಗರಡಿಯ ದೇವರಾದ ಹಣಮಪ್ಪ ಬರೀ ಬಲಶಾಲಿಯಲ್ಲ, ದೊಡ್ಡ ವ್ಯಾಕರಣ ಪಂಡಿತನೂ ಹೌದು ಎಂದು ಅಯ್ಯನವರು ಮೊದಲ ದಿನವೇ ಹೇಳಿದರಂತೆ. ಆರು ವರ್ಷ ಅವನ ಮುಂದೆ ಬಸ್ಕಿ ಹೊಡೆದೆ, ಒಬ್ಬರೂ ಈ ಮಾತು ಹೇಳಲಿಲ್ಲ ನೋಡು ಮಾಂವಾ ಎಂದು ಹುಡುಗ ಬೆರಗಾಗಿದ್ದ.

ಮಗ್ಗಿ ಮಾತ್ರ ಕುಳಿತಲ್ಲಿ ಅವನ ತಲೆಗೆ ಹತ್ತಲಿಲ್ಲ. ಅಯ್ಯನವರು ನಾಲ್ಕು ದಿನ ನೋಡಿ, ಎದ್ದು ನಿಂತು ಬಸ್ಕಿ ಹೊಡೆಯುತ್ತ ಹೇಳು ಎಂದರು. ಹದಿಮೂರರ ಮಗ್ಗಿ ಒಂದೇ ವಾರದಲ್ಲಿ ಬಂತು. ಉಳಿದ ಹನ್ನೊಂದು ಮಕ್ಕಳೂ ತಮಗೂ ಹಾಗೆಯೇ ಬೇಕೆಂದು ಹಟ ಹಿಡಿದವು. ಆಮೇಲೆ ದಿನಾ ಮಠದ ಮುಂದೆ ಹೋಗುವವರಿಗೆ ಹನ್ನೆರಡು ತಲೆಗಳು ಕಿಟಕಿಯಲ್ಲಿ ಒಟ್ಟಿಗೆ ಮೇಲೇಳುವುದು, ಒಟ್ಟಿಗೆ ಮುಳುಗುವುದು ಕಾಣುತ್ತಿತ್ತು. ನಲವತ್ತು ಹುಡುಗರಿದ್ದಲ್ಲಿ ಇದನ್ನು ಮಾಡಿದರೆ ಮಾಳಿಗೆ ಕುಸಿಯುತ್ತಿತ್ತು. ಇದು ನನ್ನ ಆಯ್ಕೆಯ ಎರಡನೆಯ ಗೆಲುವೆಂದು ಎಣಿಸಿಕೊಂಡೆ.

ಹತ್ತು ಏಟಿನ ವಿಷಯದಲ್ಲಿ ಮಾತ್ರ ನನ್ನ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇತ್ತು. ಚನ್ನಬಸು ದಿನಾ ಕೊನೆಗೆ ಬಂದು ನಗುತ್ತ ಕೈಯೊಡ್ಡುತ್ತಿದ್ದ. ನೋವಾಗುತ್ತಿದ್ದದ್ದು ಅಯ್ಯನವರಿಗೆ. ಅರವತ್ತು ದಾಟಿದ ಸಣಕಲು ಜೀವ. ಕಲ್ಲಿನಂಥ ಅಂಗೈ ಮೇಲೆ ದಿನಕ್ಕೆ ಹತ್ತು ಸಲ ಬೆತ್ತ ಬೀಸಿ ಅವರ ಮಣಿಕಟ್ಟು ಊದಿಕೊಂಡಿತು. ಪದ್ಧತಿಯನ್ನು ಬಿಡುವವರಲ್ಲ, ಹೊಡೆಯುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಅದನ್ನು ಕಂಡ ಹುಡುಗ ಒಂದು ದಿನ ಯಾರಿಗೂ ಹೇಳದೆ ಗರಡಿಯನ್ನು ಸಂಜೆಗೆ ಬದಲಾಯಿಸಿಕೊಂಡು, ಮುಂಜಾನೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗತೊಡಗಿದ. ಅಯ್ಯನವರ ಮಣಿಕಟ್ಟು ಗುಣವಾಯಿತು. ಚನ್ನಬಸುವಿನ ಎಡ ಅಂಗೈಗೆ ದಿನಾ ಸರಸ್ವತಿ ಬಂದಳು.

ತೊಂದರೆ ಶುರುವಾದದ್ದು ಅಲ್ಲಿಂದ. ಬೇರೆ ಮಕ್ಕಳಾದರೆ ಗೋಲಿ ಆಡಿ, ಬೆಲ್ಲ ತಿಂದು ಮಧ್ಯಾಹ್ನದೊಳಗೆ ಸರಸ್ವತಿಯನ್ನು ಅಳಿಸಿಕೊಂಡಿರುತ್ತಾರೆ. ನಮ್ಮವನು ಗರಡಿಯಲ್ಲಿ ಬೆಳೆದವನು. ಅಖಾಡದ ಮಣ್ಣಿಗೆ ಕೈಮುಗಿಯದೆ ಕಾಲಿಡದವನು, ಅಂಗೈ ಮೇಲಿನ ದೇವಿಯನ್ನು ಎದುರಾಳಿಯ ಬೆವರಿಗೂ ಲಂಗೋಟಿಗೂ ಉಜ್ಜುತ್ತಾನೆಯೆ? ಎಡಗೈ ಮುಷ್ಟಿ ಬಿಗಿದು, ಒಂದೇ ಕೈಯಲ್ಲಿ ಕುಸ್ತಿಗಿಳಿದ. ದಿನಾ ಬಿದ್ದ. ನಿನ್ನೆ ಮೊನ್ನೆ ಗರಡಿ ಸೇರಿದವರೂ ಅವನನ್ನು ಕೆಡವಿ ಮೀಸೆ ತಿರುವತೊಡಗಿದರು.

ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಇಮಾಮಸಾಬರು ನಮ್ಮ ಮನೆಗೇ ಬಂದರು. “ಏನ್ರಿ ಸಾವಕಾರ್ರ, ಸಾಲಿಗೆ ಕಳಿಸಿ ಹುಡಗನ ಒಂದ ಕೈ ಕಸಗೊಂಡ್ರೆಲಾ! ಬರೂ ಸೋಮವಾರ ಕೊಣ್ಣೂರಿನ ಪೈಲವಾನಗ ಇವನ ಜೋಡಿ ಕುಸ್ತಿ ಅಂತ ಮಾತ ಕೊಟ್ಟೀನಿ. ಇವರಪ್ಪನೂ ನೋಡಾಕ ಬರಾಕತ್ತಾನ. ಹಿಂಗ ಬಿದ್ರ ಅಂದs ಗರಡಿ ಬಿಡಿಸಿಬಿಡ್ತಾನ.”

ಅದು ಖರೆ. ಒಂದಕ್ಕೊಂದು ಅಡ್ಡ ಬಂದರೆ ಗರಡಿ ಬಿಡಿಸುತ್ತೇನೆ ಎಂದವನು ಮಲ್ಲಪ್ಪ, ಮಾತಿಗೆ ತಪ್ಪುವ ಆಸಾಮಿ ಅಲ್ಲ. ನಾನು ಹುಡುಗನನ್ನು ಕೂರಿಸಿಕೊಂಡು ಉಪಾಯ ಹೇಳಿದೆ. ಸೋಮವಾರ ಒಂದು ದಿನ ಕೊನೆಗೆ ಹೋಗು. ಅಯ್ಯನವರ ಕೈ ನೋಯುತ್ತದೆ, ಒಲ್ಲೆ ಎಂದ. ಹಾಗಾದರೆ ಹೊರಗೆ ಮರೆಯಲ್ಲಿ ನಿಂತು ಎರಡನೆಯವನಾಗಿ ಹೋಗು, ಸೊನ್ನೆ ಸಿಗುತ್ತದೆ; ಸೊನ್ನೆಯನ್ನು ಮಣ್ಣಿಗೆ ಉಜ್ಜಿದರೆ ಯಾವ ದೇವರಿಗೂ ಸಿಟ್ಟಿಲ್ಲ ಎಂದೆ.

“ಬೇಕಂತ ಅಡಗಿ ನಿಂತ್ರ ಅಯ್ನೋರಿಗೆ ಸುಳ್ಳ ಹೇಳಿದಂಗ ಆಗತೈತಿ ಮಾಂವಾ,” ಎಂದ. ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯವನನ್ನು ಇಟ್ಟುಕೊಂಡು ಸಂಸಾರ ಮಾಡುವುದು ಕಷ್ಟ.

ಹುಡುಗನಿಗೆ ತಿಳಿಯದ ಹಾಗೆ ಮಠಕ್ಕೆ ಹೋಗಿ ಅಯ್ಯನವರಿಗೆ ಎಲ್ಲ ಹೇಳಿದೆ. ಮುಷ್ಟಿಯ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ. ಸೋಮವಾರ ಒಂದು ದಿನ ಬರೆಯದೆ ಬಿಡಿ ಎಂದು ಬೇಡಿಕೊಂಡೆ.

“ಮೊದಲ ಬಂದಾಂವಗ ಬರೀದs ಬಿಡಾಕ ನಾ ಯಾಂವರಿ? ಅದು ಅವನ ಹಕ್ಕ ಐತಿ,” ಎಂದರು. ನಾನು ಬರಿಗೈಯಲ್ಲಿ ಮರಳಿದೆ. ಆಗ ಮೊದಲ ಸಲ ನರಗುಂದವೇ ವಾಸಿಯಿತ್ತೇನೋ ಎಂಬ ಯೋಚನೆ ಬಂತು. ಮೂವತ್ತೊಂಬತ್ತು ಏಟಾದರೂ ಅಂಗೈ ಅಂಗೈಯಾಗಿಯೇ ಉಳಿಯುತ್ತಿತ್ತಲ್ಲ.

ಸೋಮವಾರ ಮುಂಜಾನೆ ಮನಸ್ಸು ತಡೆಯದೆ ಚನ್ನಬಸುವಿನ ಹಿಂದೆಯೇ ನಾನೂ ಹೋದೆ. ಬೆಳಕು ಆಗಷ್ಟೇ ಹರಿಯುತ್ತಿತ್ತು. ದಿನಾ ಪಡಸಾಲೆಯ ಒಳಗೆ ಕುಳಿತಿರುವ ಅಯ್ಯನವರು ಅಂದು ಬೀದಿಯಲ್ಲಿ, ಹೊಸ್ತಿಲಿನ ಹೊರಗೆ ನಿಂತಿದ್ದರು. ಹುಡುಗ ಕಾಲು ಎತ್ತಿಡುವಷ್ಟರಲ್ಲಿ, “ನಿಲ್ಲಪಾ ಸ್ವಲ್ಪ,” ಎಂದರು. ಆಮೇಲೆ ತಾವೇ ಹೊಸ್ತಿಲು ದಾಟಿ ಒಳಗೆ ಹೋದರು. ತಮ್ಮ ಜಾಗದಲ್ಲಿ ಕುಳಿತು, ಲೆಕ್ಕಣಿಕೆ ಮಸಿಯಲ್ಲಿ ಅದ್ದಿ, ತಮ್ಮ ಎಡ ಅಂಗೈ ಮೇಲೆ ತಾವೇ ಸರಸ್ವತಿಯ ಹೆಸರು ಬರೆದುಕೊಂಡು, ಒಣಗಲೆಂದು ಊದಿದರು.

“ಇವತ್ತ ನಾ ಮೊದಲ ಬಂದೀನಿ. ನೀ ಎರಡನೇದಾಂವ. ಬಾ, ಕೈ ತಾ.”

ಚನ್ನಬಸುವಿನ ಅಂಗೈ ಮೇಲೆ ದುಂಡನೆಯ ಸೊನ್ನೆ ಬಿತ್ತು. ಅವನು ಅದನ್ನೇ ನೋಡುತ್ತ ನಿಂತ. ನಾನು ಬಾಗಿಲ ಮರೆಯಲ್ಲಿ ನಿಂತು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡೆ, ಸಂಕೋಚವೇನಿಲ್ಲ.

ಸಂಜೆ ಅಖಾಡದ ಸುತ್ತ ರೋಣಕ್ಕೆ ರೋಣವೇ ನೆರೆದಿತ್ತು. ಕೊಣ್ಣೂರಿನವನು ನಮ್ಮವನಿಗಿಂತ ಒಂದು ಕೈ ಎತ್ತರ. ಎರಡು ಸಲ ನಮ್ಮವನ ಬೆನ್ನು ಮಣ್ಣಿನಿಂದ ಗೇಣುದ್ದಕ್ಕೆ ಬಂದಿತ್ತು. ನನ್ನ ಪಕ್ಕದಲ್ಲಿ ಕುಳಿತ ಮಲ್ಲಪ್ಪ ಹಲ್ಲು ಕಡಿಯುವುದು ನನಗೆ ಕೇಳಿಸುತ್ತಿತ್ತು. ಮೂರನೆಯ ಸಲ ಚನ್ನಬಸು ಕೆಳಗಿನಿಂದ ನುಗ್ಗಿ, ಎಡಗೈ ಪೂರ್ತಿ ಬಿಚ್ಚಿ, ಎದುರಾಳಿಯ ಲಂಗೋಟಿಗೆ ಹಾಕಿ ಹಿಡಿದ. ಆ ಹಿಡಿತ ಸಡಿಲಲಿಲ್ಲ. ಕೊಣ್ಣೂರಿನವನು ಅಂಗಾತ ಬಿದ್ದ.

ಜನ ಕೂಗಿದರು, ರುಮಾಲು ಹಾರಿಸಿದರು, ಇಮಾಮಸಾಬರು ಕುಣಿದೇಬಿಟ್ಟರು. ಚಪ್ಪಾಳೆ ನಿಲ್ಲಲೊಲ್ಲದು. ಎದುರಿನ ಸಾಲಿನಲ್ಲಿ ಅಯ್ಯನವರು ಮಾತ್ರ, ಸುತ್ತ ಹನ್ನೊಂದು ಮಕ್ಕಳು ಕುಣಿದಾಡುತ್ತಿದ್ದರೂ, ಸುಮ್ಮನೆ ಕುಳಿತಿದ್ದರು.

“ಅಯ್ನೋರಿಗೆ ಖುಷಿ ಆಗಿಲ್ಲೇನ್ರಿ? ಚಪ್ಪಾಳಿ ಹೊಡೀವಲ್ರು,” ಎಂದ ಮಲ್ಲಪ್ಪ.

ನಾನು ನೋಡಿದೆ. ಅವರ ಎಡಗೈ ಮುಷ್ಟಿ ಬಿಗಿದು ತೊಡೆಯ ಮೇಲಿತ್ತು. ಮುಂಜಾನೆಯಿಂದ ಅವರು ಅದನ್ನು ಬಿಚ್ಚಿರಲಿಲ್ಲ. ಮಲ್ಲಪ್ಪನಿಗೆ ಎಲ್ಲವನ್ನೂ ಹೇಳಿದೆ: ಏಟು, ಮಣಿಕಟ್ಟು, ಸರಸ್ವತಿ, ಸೊನ್ನೆ. ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಕಡೆಗೆ ತಲೆಬಾಗಿದ. ಗರಡಿ ಬಿಡಿಸುವ ಮಾತು ಅವನ ಬಾಯಲ್ಲಿ ಆಮೇಲೆ ಎಂದೂ ಬರಲಿಲ್ಲ.

“ಭಾವಾರ, ಇಂಥಾ ಸಾಲಿ ಐತಂತ ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದು ಕೇಳಿದ.

ತೂಗಿ ನೋಡಿದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆ ಮುಷ್ಟಿ ನೋಡುತ್ತ ಅದನ್ನು ಹೇಳಲು ಬಾಯಿ ಬರಲಿಲ್ಲ.

“ಲೆಕ್ಕಾ ತಪ್ಪಿ ಸಿಕ್ಕೈತಿ ಮಲ್ಲಪ್ಪಾ,” ಎಂದೆ. “ಬಿಡಬ್ಯಾಡ.”