ತೂಬಗೆರೆಯಾಚೆ ಖಾಕಿ ಲಾರಿಯಲ್ಲಿ

ದೊಡ್ಡಬಳ್ಳಾಪುರದಲ್ಲಿ ಬಿಸಿ ಉಪ್ಪಿಟ್ಟು ತಿಂದು ಬೆಳಿಗ್ಗೆಯೇ ಲಾರಿ ಹತ್ತಿದೆವು. ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಕಾಲರಾ ಹಬ್ಬಿದ ಊರುಗಳಿಗೆಂದು ಹಲವು ದೇಶಗಳು ಸೇರಿ ಕಳಿಸಿದ್ದ ವೈದ್ಯರ ತಂಡಕ್ಕೆ ನಾನು ದುಭಾಷಿ. ಹಿರಿಯರಾದ ಡೆನ್ಮಾರ್ಕಿನ ಡಾಕ್ಟರು ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡವರು. "ಇನ್ನು ನಮ್ಮದು ಶಾಂತಿಯ ಕೆಲಸ" ಎನ್ನುತ್ತಿದ್ದರು. ಆದರೆ ಲಾರಿ, ಡೇರೆ, ಅವರ ಕೋಟು, ಎಲ್ಲವೂ ಸೈನ್ಯ ಬಿಟ್ಟುಹೋದ ಖಾಕಿ ಸಾಮಾನೇ.

ತೂಬಗೆರೆಗೆ ಎಂಟು ಮೈಲಿ ಇರಬಹುದು. ಜಡಿಮಳೆ. ಚಕ್ರ ಹೂತಾಗಲೆಲ್ಲ ಇಳಿದು ತಳ್ಳಿದೆವು. ಅಲ್ಲಿಂದಾಚೆಯ ಪುಟ್ಟ ಹಳ್ಳಿ ಮುಟ್ಟಿದಾಗ ಊರಲ್ಲಿ ನರಪಿಳ್ಳೆಯೂ ಇರಲಿಲ್ಲ. ಒಲೆಗಳು ಉರಿಯುತ್ತಿದ್ದವು; ಒಂದು ಮನೆಯಲ್ಲಿ ಮುದ್ದೆಗಿಟ್ಟ ಎಸರು ಉಕ್ಕಿ ಬೆಂಕಿಗೆ ಸುರಿಯುತ್ತಿತ್ತು. ಪಕ್ಕದ ಮನೆಯಿಂದ ನರಳಾಟ ಕೇಳಿಸಿತು. ಕಣ್ಣು ಗುಳಿಬಿದ್ದ ಹೆಂಗಸೊಬ್ಬಳು ಒದ್ದೆ ನೆಲದ ಮೇಲೆ ಒಬ್ಬಳೇ ಬಿದ್ದಿದ್ದಳು. ಡಾಕ್ಟರು ಅವಳ ತೋಳಿಗೆ ಸೂಜಿ ಚುಚ್ಚಿ ಉಪ್ಪುನೀರು ಹನಿಸತೊಡಗಿದರು.

ಸಂಜೆಯ ಹೊತ್ತಿಗೆ ಕುಡುಗೋಲು ಹಿಡಿದ ಗಂಡಸೊಬ್ಬ ಬಾಗಿಲಲ್ಲಿ ಬಂದು ನಿಂತ. ಅವಳ ಗಂಡ, ಮುನಿಯಪ್ಪ.

"ಅವಳನ್ನ ಏನ್ ಮಾಡ್ತಿದ್ದೀರಿ?"

"ಔಷಧಿ ಕಣಪ್ಪಾ. ಬದುಕ್ಕೋತಾಳೆ. ಬಿಟ್ಟು ಯಾಕೆ ಓಡಿದೆ?"

"ಮಿಲ್ಟ್ರಿ ಲಾರಿ ಅಂದ್ರು ಸ್ವಾಮಿ. ಯುದ್ಧದಲ್ಲಿ ಇಂಥ ಲಾರೀಲೇ ಬಂದು ನಮ್ಮ ರಾಗಿಯೆಲ್ಲಾ ಎತ್ಕೊಂಡೋಗಿದ್ರು. ನಮ್ಮವ್ವನಿಗೂ ಇದೇ ಕಾಯಿಲೆ. ಮೊದ್ಲು ಅವ್ವನ್ನ ಹೊತ್ಕೊಂಡು ಓಡ್ದೆ. ಇವಳಿಗೆ ಅಂತ ತಿರುಗೋಷ್ಟ್ರಲ್ಲಿ ನೀವು ಬಂದ್ಬಿಟ್ರಿ."

"ಅವ್ವ ಎಲ್ಲಿ?"

ಕತ್ತಾಳೆ ಬೇಲಿಯತ್ತ ಕೈ ತೋರಿಸಿದ. ಉಪ್ಪುನೀರಿನ ಬಾಟಲಿ ಹಿಡಿದು ಓಡಿದೆವು. ಮುದುಕಿ ಮಳೆಯಲ್ಲಿ ತೊಯ್ದು ತಣ್ಣಗಾಗಿದ್ದಳು.

ಡಾಕ್ಟರು ಕೆಸರಿನಲ್ಲೇ ಕುಸಿದು ಕೂತರು. "ನಾವು ಬರದಿದ್ದರೆ ಈಕೆ ಮನೆಯೊಳಗೆ ಇರುತ್ತಿದ್ದಳಲ್ಲವೇ?" ಎಂದು ನನ್ನನ್ನು ಕೇಳಿದರು. ನಾನು ಮುದುಕಿಯ ಮುಖದ ಮೇಲೆ ಸೆರಗು ಎಳೆದೆ.

ಬೆಳಿಗ್ಗೆ ಮುನಿಯಪ್ಪನ ಹೆಂಡತಿ ಎದ್ದು ಕೂತು ಗಂಜಿ ಕುಡಿದಳು. ಊರಿನವರು ಒಬ್ಬೊಬ್ಬರಾಗಿ ಹಿಂತಿರುಗಿ ಮುದುಕಿಯನ್ನು ಮಣ್ಣು ಮಾಡಿದರು. ಮುಂದಿನ ಹಳ್ಳಿಗೆ ಲಾರಿ ಒಯ್ಯುವುದು ಬೇಡವೆಂದರು ಡಾಕ್ಟರು. ಔಷಧಿ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆದೆವು. ಕರೆಯದಿದ್ದರೂ ಮುನಿಯಪ್ಪ ಜೊತೆಗೆ ಬಂದ. ಊರು ಕಣ್ಣಿಗೆ ಬಿದ್ದಿದ್ದೇ ತಡ, ನಮ್ಮೆಲ್ಲರಿಗಿಂತ ಮುಂದೆ ಓಡಿ, ಗಂಟಲು ಬಿರಿಯುವಂತೆ ಕೂಗತೊಡಗಿದ:

"ಓಡ್ಬೇಡ್ರೋ! ಡಾಕ್ಟ್ರು ಕಣ್ರೋ! ಯಾರೂ ಓಡ್ಬೇಡ್ರೋ!"