ಗುಲಾಬಿಗೆ ಸಂಜೆಯ ತಲೆಸ್ನಾನ

ಕಾಯಿಲೆ ಮಲಗಿದ ಮನುಷ್ಯನನ್ನು ನೋಡಲು ಬರುವವರು ಕಿತ್ತಳೆ ಹಣ್ಣು ತರುತ್ತಾರೆ. ಕಾಯಿಲೆ ಬಿದ್ದ ಗುಲಾಬಿ ಗಿಡವನ್ನು ನೋಡಲು ಬರುವವರು ಬರಿಗೈಯಲ್ಲಿ ಬಂದು ಸಲಹೆ ಕೊಟ್ಟು ಹೋಗುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮಧುಗಿರಿಯ ನಮ್ಮ ಮನೆಯ ಗೇಟಿನ ಬಳಿ ನಿಂತು, ಕಾಫಿ ಚರಟ ಹಾಕಿ, ಮೊಟ್ಟೆ ಸಿಪ್ಪೆ ಹಾಕಿ, ಹಳೆಯ ಚಪ್ಪಲಿ ಕಟ್ಟಿ ಎಂದು ಹೇಳದೆ ಮುಂದೆ ಹೋದವರು ನನಗೆ ನೆನಪಿಲ್ಲ. ಎದುರು ಮನೆಯ ರಂಗಮ್ಮನವರಂತೂ ಗಿಡವನ್ನು ನೋಡಿದ ಕೂಡಲೇ, "ದೃಷ್ಟಿ ಆಗ್ಬುಟ್ಟೈತೆ ಕಣಮ್ಮ, ಮೆಣಸಿನಕಾಯಿ ಇಳಿ ತೆಗ್ದು ಒಲೆಗಾಕು" ಎಂದು ನನ್ನ ಹೆಂಡತಿ ಜಾನಕಿಗೆ ಹೇಳಿ, ಮೆಣಸಿನಕಾಯನ್ನೂ ತಾವೇ ತಂದುಕೊಟ್ಟರು.

ಇದರಿಂದ ನನಗಾದ ಅವಮಾನವನ್ನು ನೀವು ಅರ್ಥಮಾಡಿಕೊಳ್ಳಬೇಕು. ವೃತ್ತಿಯಲ್ಲಿ ನಾನು ವಕೀಲ, ಪ್ರವೃತ್ತಿಯಲ್ಲಿ ಗುಲಾಬಿ ವೈದ್ಯ. ಮೊದಲನೆಯದರಲ್ಲಿ ಸೋತದ್ದುಂಟು, ಎರಡನೆಯದರಲ್ಲಿ ನನ್ನ ಮಾತೇ ಕೊನೆಯದು ಎಂದು ಊರು ಒಪ್ಪಿಕೊಂಡಿತ್ತು. ಶಿರಾದ ಕಕ್ಷಿದಾರರೊಬ್ಬರು ಜಮೀನಿನ ಕಾಗದಗಳ ನಡುವೆ ಗುಲಾಬಿ ಎಲೆಯೊಂದನ್ನು ಜೋಪಾನವಾಗಿ ಇಟ್ಟುಕೊಂಡು ಬಂದು, "ವಕೀಲ್ ಸಾಬ್, ಕೇಸು ಆಮೇಲೆ ನೋಡ್ರಿ, ಮೊದ್ಲು ಇದಕ್ಕೇನಾಗೈತೆ ಹೇಳಿ" ಎಂದಾಗ ನನಗಾದ ಆನಂದ, ಅವರ ಕೇಸು ಗೆದ್ದಾಗಲೂ ಆಗಲಿಲ್ಲ.

ಗುಲಾಬಿಯ ರೋಗಗಳು ಸುಳ್ಳುಸಾಕ್ಷಿ ಹೇಳುವುದಿಲ್ಲ. ಚಳಿಗಾಲದಲ್ಲಿ ಚಿಗುರಿನ ಮೇಲೆ, ಮೊಗ್ಗಿನ ಕತ್ತಿನ ಸುತ್ತ ವಿಭೂತಿ ಬಳಿದಂತೆ ಬಿಳಿಪುಡಿ ಕಂಡರೆ ಅದು ಬೂದಿ ರೋಗ. ಬಿಸಿಲೇರುವ ಮುನ್ನ ತೆಳ್ಳಗೆ ಗಂಧಕದ ಪುಡಿ ಉದುರಿಸಿದರೆ ಅಡಗುತ್ತದೆ, ಸುಡುಬಿಸಿಲಲ್ಲಿ ಉದುರಿಸಿದರೆ ರೋಗದ ಜೊತೆಗೆ ಎಲೆಯೂ ಸುಡುತ್ತದೆ. ಕೆಳಗಿನ ಎಲೆಗಳಲ್ಲಿ ಅಂಚು ಚದುರಿದ ಕರಿಯ ಮಚ್ಚೆ, ಅದರ ಸುತ್ತ ಹಳದಿ, ಮುಟ್ಟಿದರೆ ಉದುರುವ ಎಲೆ, ಇದು ಕಪ್ಪುಚುಕ್ಕೆ. ಉದುರಿದ್ದನ್ನು ಗುಡಿಸಿ ಸುಡಬೇಕು, ತಿಪ್ಪೆಗೆ ಹಾಕಬಾರದು, ಎಲೆಯ ಮೇಲೆ ನೀರು ನಿಲ್ಲಲು ಬಿಡಬಾರದು. ಕೊಂಬೆಯ ತುದಿಯಿಂದ ಕೆಳಕ್ಕೆ ಕಪ್ಪು ಇಳಿಯುತ್ತ ಬಂದರೆ ಮಾತ್ರ ದಾಕ್ಷಿಣ್ಯ ಸಲ್ಲದು. ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಕತ್ತರಿಸಿ, ಗಾಯಕ್ಕೆ ಸುಣ್ಣ, ಮೈಲುತುತ್ತದ ಲೇಪ ಹಚ್ಚಬೇಕು. ಇಷ್ಟನ್ನೂ ನಾನು ಕೋರ್ಟಿನ ಹೊಂಗೆಮರದ ಕೆಳಗೆ ನಿಂತು ಯಾರು ಕೇಳಿದರೂ, ಕೇಳದಿದ್ದರೂ, ನಿರರ್ಗಳವಾಗಿ ಹೇಳಬಲ್ಲವನಾಗಿದ್ದೆ. ನನ್ನ ಮನೆಯ ಗಿಡಕ್ಕೆ ಕಪ್ಪುಚುಕ್ಕೆಯೂ ತುದಿಯ ಕಪ್ಪೂ ಒಟ್ಟಿಗೇ ಬಂದಾಗ ಮಾತ್ರ ಈ ವಿದ್ಯೆ ಹೊಸಿಲು ದಾಟಿ ಒಳಗೆ ಬರಲಿಲ್ಲ.

ಕಾರಣ, ಅದು ಬರಿಯ ಗಿಡವಲ್ಲ. ಪಾವಗಡದ ತವರಿನಲ್ಲಿ ಜಾನಕಿಯ ತಾಯಿ ಬೆಳೆಸಿದ್ದ ನಸುಗೆಂಪು ನಾಟಿ ಗುಲಾಬಿಯ ಕಡ್ಡಿಯಿಂದ ಬಂದದ್ದು. ಹಿಂದಿನ ವರ್ಷ ತಾಯಿ ತೀರಿಕೊಂಡರು. ಆ ಮನೆಗೆ ಬೀಗ ಬಿದ್ದು, ನೋಡುವವರಿಲ್ಲದೆ ಅಲ್ಲಿಯ ಗಿಡವೂ ಒಣಗಿತು. ಈಗ ಆ ವಂಶಕ್ಕೆ ನಮ್ಮ ಅಂಗಳದ ಗಿಡವೊಂದೇ ಉಳಿದಿತ್ತು. ಬಿಸಿಲಿನಲ್ಲಿ ಬೆಂದ ಮಗುವನ್ನು ಸಂಜೆ ಮೀಯಿಸುವಂತೆ ಗಿಡಕ್ಕೂ ಸಂಜೆ ತಲೆಯ ಮೇಲಿಂದ ನೀರು ಹುಯ್ಯಬೇಕೆಂಬುದು ಆ ತಾಯಿಯ ಪದ್ಧತಿ. ಜಾನಕಿ ಅದನ್ನು ಸಂಧ್ಯಾದೀಪದಷ್ಟೇ ನಿಷ್ಠೆಯಿಂದ ನಡೆಸುತ್ತಿದ್ದಳು. ರೋಗದ ಮೂಲ ಅದೇ ಎಂದು ನಾನು ಬಲ್ಲೆ. ಒಮ್ಮೆ ಹೇಳಿಯೂ ನೋಡಿದೆ.

"ಅಮ್ಮ ಹಿಂಗೇ ಹುಯ್ತಿದ್ದಳು. ಅವಳ ಗಿಡದಲ್ಲಿ ಒಂದು ಚುಕ್ಕೆ ನೋಡಿದ್ರಾ ನೀವು?" ಎಂದಳು.

ನೋಡಿರಲಿಲ್ಲ. ಪಾಟೀಸವಾಲಿನಲ್ಲಿ ಸಿಕ್ಕಿಬಿದ್ದ ಸಾಕ್ಷಿಯ ಪಾಡು ನನಗೆ ಅಂದು ತಿಳಿಯಿತು. ಗಿಡ ಸಾಯುತ್ತದೆಂಬ ಭಯ ಅವಳಿಗೂ ಇತ್ತು. ಆದರೆ ನೀರು ನಿಲ್ಲಿಸುವುದೆಂದರೆ ಅಮ್ಮ ತಪ್ಪು ಎಂದು ಒಪ್ಪಿದಂತೆ. ಹೋದ ತಾಯಿಯ ಮೇಲೆ ತೀರ್ಪು ಬರೆಯಲು ಯಾವ ಮಗಳಿಗೆ ಮನಸ್ಸು ಬಂದೀತು?

ಉತ್ತರ ಸಿಕ್ಕಿದ್ದು ಪಾವಗಡದಲ್ಲೇ. ಕೋರ್ಟಿನ ಕೆಲಸಕ್ಕೆಂದು ಹೋದವನು ಜಾನಕಿಯ ಅಕ್ಕ ಲಕ್ಷ್ಮಕ್ಕನ ಮನೆಯಲ್ಲಿ ಉಳಿದೆ. ಸಂಜೆ ಲಕ್ಷ್ಮಕ್ಕ ದಾಸವಾಳದ ತಲೆಯ ಮೇಲೆ ಚೊಂಬು ಚೊಂಬು ನೀರು ಹುಯ್ದರು. ನಾನು ಜಗಲಿಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಎಲೆಗಳೆಲ್ಲ ಒಣಗಿದ್ದವು. ಕೋಟೆಬೆಟ್ಟದ ಕಡೆಯ ಆ ಒಣಗಾಳಿಗೆ, ಇನ್ನೊಂದು ಸೀರೆ ಹಿಂಡುವಷ್ಟರಲ್ಲಿ ಮೊದಲು ಹರವಿದ ಸೀರೆ ಗರಿಗರಿಯಾಗುತ್ತದೆ. ನಮ್ಮ ಮಧುಗಿರಿಯ ಅಂಗಳವೋ, ಮನೆಗೂ ಆಳೆತ್ತರದ ಕಾಂಪೌಂಡಿಗೂ ನಡುವೆ ಸಿಕ್ಕಿಕೊಂಡದ್ದು. ಸಂಜೆ ಒದ್ದೆಯಾದ ಎಲೆ ಬೆಳಗಿನವರೆಗೂ ಒದ್ದೆ. ಊರಿಗೆ ಮರಳಿದವನೇ ಜಾನಕಿಗೆ ಕಂಡದ್ದನ್ನು ಕಂಡಂತೆ ಹೇಳಿದೆ, ವಾದ ಮಾಡಲಿಲ್ಲ.

ಅವಳು ಅಂಗಳಕ್ಕೆ ಹೋಗಿ ಗಿಡದ ಎಲೆಯೊಂದನ್ನು ಮುಟ್ಟಿ ನೋಡಿ, "ಹಂಗಾದ್ರೆ ಅಮ್ಮ ಮಾಡಿದ್ದು ತಪ್ಪಲ್ಲ" ಎಂದಳು.

"ಅಲ್ಲಿಗೆ ಅದೇ ಸರಿ" ಎಂದೆ.

ಮರುದಿನ ಬೆಳಿಗ್ಗೆ ಕತ್ತರಿ ಹಿಡಿದು ಕುಳಿತೆವು. ಕಪ್ಪಾದ ಕೊಂಬೆಗಳನ್ನೆಲ್ಲ ಧೈರ್ಯವಾಗಿ ತೆಗೆದೆ. ಉಳಿದದ್ದು ಒಂದೇ ಒಂದು ದಪ್ಪ ಕೊಂಬೆ, ಅದರಲ್ಲೂ ಕಪ್ಪು ಅರ್ಧ ಇಳಿದಿತ್ತು. ಊರಿನ ಗಿಡಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ ಕೈ ಅಲ್ಲಿ ನಿಂತುಬಿಟ್ಟಿತು. ಒಳಗೂ ಕಪ್ಪೇ ಇದ್ದರೆ ಅವಳ ಮುಖವನ್ನು ಹೇಗೆ ನೋಡಲಿ? ಜಾನಕಿ, "ಸರೀರಿ ಅತ್ಲಾಗೆ" ಎಂದು ಕತ್ತರಿ ಕಿತ್ತುಕೊಂಡು, ನಾನು ಗುರುತಿಸಿದ್ದಕ್ಕಿಂತ ಕೆಳಗೇ ಕತ್ತರಿಸಿದಳು. ತಿರುಳು ಮೂಲಂಗಿಯಷ್ಟು ಬೆಳ್ಳಗಿತ್ತು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತು ಅತ್ತಳು. ತಾಯಿ ಹೋದಾಗ ನೆಂಟರ ನಡುವೆ ಕಣ್ಣೀರು ಹಾಕದೆ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದ್ದವಳು ಅವಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಲೇಪ ಕಲಸುತ್ತ ಕುಳಿತೆ.

ಅಂದಿನಿಂದ ನೀರು ಬೆಳಿಗ್ಗೆ, ಬುಡಕ್ಕೆ. ಕೆಂಪು ಚಿಗುರು ಬಂತು, ಚಿಗುರು ಕೊಂಬೆಯಾಯಿತು, ಕೊಂಬೆಯ ತುಂಬ ಮೊಗ್ಗಾಯಿತು. ಮರುವರ್ಷ ಲಕ್ಷ್ಮಕ್ಕ ಪಾವಗಡದ ಬಸ್ಸಿಳಿದು ಬಂದವರು, ಬ್ಯಾಗು ಇಳಿಸುವ ಮೊದಲೇ ತಂಗಿಯ ಕೈಲಿ ಎರಡು ಕಡ್ಡಿ ಕತ್ತರಿಸಿಕೊಟ್ಟೇ ಕಳಿಸಬೇಕೆಂದು ಮಾತು ತೆಗೆದುಕೊಂಡರು. ಸಂಜೆಯಾಗುತ್ತಲೇ ಅಭ್ಯಾಸಬಲದಿಂದ ಚೊಂಬು ಹಿಡಿದು ಗಿಡದ ಹತ್ತಿರ ಹೋದರು. ಜಾನಕಿ ಓಡಿಹೋಗಿ ಕೈಹಿಡಿದಳು.

"ಯಾಕೇ? ಅಮ್ಮ ಹಿಂಗೇ ಅಲ್ಲೇನೇ ಹುಯ್ತಿದ್ದಿದ್ದು?"

"ಅಮ್ಮ ಇಲ್ಲಿಗೆ ಬಂದಿದ್ರೆ ಬುಡಕ್ಕೇ ಹುಯ್ಯೋಳು ಕಣಕ್ಕ."

ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳನ್ನು ಅಕ್ಕನ ಬ್ಯಾಗಿಗಿಟ್ಟು, ಬಸ್ಸು ಹೊರಟಾಗ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತ ಜಾನಕಿ ಕೂಗಿ ಹೇಳಿದಳು: "ಅಲ್ಲಿ ಮಾತ್ರ ತಲೆ ಮೇಲೇ ಹುಯ್ಯಿ ಕಣಕ್ಕ, ಅಮ್ಮ ಹುಯ್ತಿದ್ದಂಗೆ!"